ದೇವರ ಹತ್ತಿರ ಕ್ಷಮೆ ಕೇಳಿದೆ, ಅಕ್ಕನ ದುಡ್ಡು ಮಾತ್ರ ನನ್ನ ಹತ್ತಿರವೇ ಇದೆ

ಉದ್ರಿ ಪುಸ್ತಕ (ಉಡುಪಿ ಕಡೆ)

ಎಲ್ಲರಿಗೂ ವಂದನೆ. ಮೂರು ವಾರದಿಂದ ಒಂದು ವಿಷಯ ನಿದ್ದೆ ಕೆಡಿಸಿದೆ. ಇಲ್ಲಿ ಹಿರಿಯರು, ತಿಳಿದವರು ಇದ್ದೀರಿ ಅಂತ ಬರೆಯುತ್ತಿದ್ದೇನೆ.

ನಮ್ಮದು ಹಳ್ಳಿಯಲ್ಲಿ ದಿನಸಿ ಅಂಗಡಿ. ಅಪ್ಪ ಇಟ್ಟದ್ದು. ಅವರು ತೀರಿಹೋಗಿ ಎರಡು ವರ್ಷವಾಯಿತು. ಅವರಿದ್ದಾಗ ಉದ್ರಿ ಲೆಕ್ಕ ಪೂರಾ ಅವರ ಕೈಯಲ್ಲೇ. ಉದ್ದನೆಯ ಪುಸ್ತಕ, ಕೆಂಪು ಬಟ್ಟೆಯ ರಟ್ಟು. ಮನೆಗೊಂದು ಪುಟ. ಸಾಮಾನು ಹೋದದ್ದು ಎಡಗಡೆ, ದುಡ್ಡು ಬಂದದ್ದು ಬಲಗಡೆ. ಅಪ್ಪ ಹೋದ ಮೇಲೆ ಆಸ್ಪತ್ರೆ ಸಾಲ ತಲೆ ಮೇಲೆ ಇತ್ತು. ಹಾಗಾಗಿ ಆ ಪುಸ್ತಕ ಹಿಡಿದುಕೊಂಡು ಬಾಕಿ ಇದ್ದವರ ಮನೆಗೆಲ್ಲ ಹೋದೆ.

ಅವರಲ್ಲಿ ಒಬ್ಬರು ಬೀಡಿ ಕಟ್ಟುವ ಅಕ್ಕ. ನಮ್ಮ ಕ್ರೈಸ್ತ ಸಭೆಯವರಲ್ಲ, ಹಿಂದೂಗಳು. "3,840 ಬಾಕಿ ಉಂಟು ಅಕ್ಕ" ಅಂದೆ. ಅವರು ಮೊರ ಪಕ್ಕಕ್ಕಿಟ್ಟು ನನ್ನ ಮುಖ ನೋಡಿದರು. "ಪುಸ್ತಕದಲ್ಲಿ ಉಂಟಾ?" ಅಂತ ಕೇಳಿದರು. "ಉಂಟು" ಅಂದೆ. ಅವರಿಗೆ ಓದಲು ಬರುವುದಿಲ್ಲ. ಮತ್ತೇನೂ ಹೇಳಲಿಲ್ಲ. ನಾಲ್ಕು ವಾರ, ಮಜೂರಿ ಸಿಕ್ಕಿದ ದಿನ ಬಂದು 960ರಂತೆ ಎಣಿಸಿ ಕೊಟ್ಟು ತೀರಿಸಿದರು.

ಮೂರು ವಾರದ ಹಿಂದೆ ಅಪ್ಪನ ಕಬ್ಬಿಣದ ಪೆಟ್ಟಿಗೆ ಖಾಲಿ ಮಾಡುತ್ತಿದ್ದೆ. ಅಂಗಿ ಕಿಸೆಯಲ್ಲಿ ಇಟ್ಟುಕೊಳ್ಳುತ್ತಿದ್ದ ಸಣ್ಣ ಡೈರಿ ಸಿಕ್ಕಿತು. ಆಸ್ಪತ್ರೆ ಸೇರುವ ಎರಡು ದಿನ ಮೊದಲಿನ ಪುಟದಲ್ಲಿ ಆ ಅಕ್ಕನ ಹೆಸರು, 3,840, ಮುಂದೆ "ಪೂರಾ ಬಂತು" ಅಂತ ಅಪ್ಪನ ಅಕ್ಷರ. ಪುಸ್ತಕಕ್ಕೆ ಏರಿಸುವ ಮೊದಲೇ ಅವರು ಮಲಗಿಬಿಟ್ಟಿದ್ದರು. ಒಂದೇ ಸಾಲವನ್ನು ಆ ಅಕ್ಕ ಎರಡು ಸಲ ಕಟ್ಟಿದ್ದಾರೆ.

ಅವತ್ತು ರಾತ್ರಿ ಮೊಣಕಾಲೂರಿ ಕ್ಷಮೆ ಕೇಳಿದೆ. ಕಣ್ಣೀರೂ ಹಾಕಿದೆ. ಮುಂದಿನ ಭಾನುವಾರ ಕವರಿನಲ್ಲಿ 4,000 ಇಟ್ಟು ಕಾಣಿಕೆ ಚೀಲಕ್ಕೆ ಹಾಕಿದೆ. ಆದರೂ ಎದೆ ಮೇಲಿನ ಭಾರ ಇಳಿದಿಲ್ಲ. ಅಕ್ಕ ಈಗ ಮಗಳ ಮನೆಯಲ್ಲಿದ್ದಾರೆ, ಇಲ್ಲಿಂದ ಇಪ್ಪತ್ತು ಕಿಲೋಮೀಟರ್. ಹೆಂಡತಿ ಹೋಗಿ ಬನ್ನಿ ಅನ್ನುತ್ತಾಳೆ. ತಮ್ಮ ಬೇಡ ಅನ್ನುತ್ತಾನೆ. "ಊರಿಗೆ ಗೊತ್ತಾದರೆ ಅಪ್ಪನ ಹೆಸರು ಹಾಳಾಗುತ್ತದೆ. ದೇವರಿಗೆ ಕೊಟ್ಟಾಯಿತಲ್ಲ" ಅನ್ನುವುದು ಅವನ ಮಾತು. ನೀವೇನು ಹೇಳುತ್ತೀರಿ?

ಸಂಡೇ ಸ್ಕೂಲ್ ಟೀಚರ್ (ಧಾರವಾಡ)

ತಮ್ಮಾ, ಬರೆದದ್ದು ಒಳ್ಳೆಯದಾಯಿತು. ಇಂಥದ್ದನ್ನು ಒಬ್ಬನೇ ಹೊತ್ತುಕೊಂಡು ತಿರುಗಬಾರದು.

ನಿನ್ನ ಪ್ರಶ್ನೆಗೆ ಬೈಬಲ್ಲಿನಲ್ಲಿ ಬಹಳ ನೇರವಾದ ಉತ್ತರವಿದೆ. ಅರಣ್ಯಕಾಂಡದ 5ನೇ ಅಧ್ಯಾಯ ತೆಗೆ, 6ರಿಂದ 8ನೇ ವಚನ. ಒಬ್ಬನಿಗೆ ಅನ್ಯಾಯ ಮಾಡಿದವನು ಮೊದಲು ತಪ್ಪು ಒಪ್ಪಿಕೊಳ್ಳಬೇಕು. ಆಮೇಲೆ ತೆಗೆದುಕೊಂಡದ್ದನ್ನು ಪೂರಾ ತಿರುಗಿ ಕೊಡಬೇಕು, ಅದರ ಮೇಲೆ ಐದನೇ ಒಂದು ಪಾಲು ಸೇರಿಸಬೇಕು. ಯಾರಿಗೆ ಕೊಡಬೇಕು? ಯಾರಿಗೆ ಅನ್ಯಾಯವಾಯಿತೋ ಅವರಿಗೆ. ಅವರೂ ಇಲ್ಲ, ತೆಗೆದುಕೊಳ್ಳಲು ಹತ್ತಿರದ ಸಂಬಂಧಿಕರೂ ಇಲ್ಲ ಅಂದಾಗ ಮಾತ್ರ ಆ ದುಡ್ಡು ಕರ್ತನಿಗೆ ಸೇರಬೇಕು, ಅಂದರೆ ಯಾಜಕನಿಗೆ. ನಿನ್ನ ಅಕ್ಕ ಇಪ್ಪತ್ತು ಕಿಲೋಮೀಟರ್ ದೂರದಲ್ಲಿ ಬದುಕಿದ್ದಾಳೆ. ಹಾಗಾದರೆ ಆ ಕವರು ಕಾಣಿಕೆ ಚೀಲಕ್ಕೆ ಹೋಗಬೇಕಾದ ದುಡ್ಡಲ್ಲ.

ಲೆಕ್ಕ ಹಾಕಿ ನೋಡಿದೆ. 3,840ಕ್ಕೆ ಐದನೇ ಒಂದು ಪಾಲು 768. ಒಟ್ಟು 4,608.

ನಾನು ಮೂವತ್ತೊಂದು ವರ್ಷ ಮಕ್ಕಳಿಗೆ ಸಂಡೇ ಸ್ಕೂಲ್ ನಡೆಸಿದೆ. ಪ್ರತಿ ವರ್ಷ ಜಕ್ಕಾಯನ ಪಾಠ ಬರುತ್ತಿತ್ತು, ಯೇಸುವನ್ನು ನೋಡಲು ಮರ ಹತ್ತಿದ ಸುಂಕದವನ ಕಥೆ. ಮಕ್ಕಳು ಮರ ಹತ್ತುವ ಆಟ ಆಡುತ್ತಿದ್ದರು, ಎಲ್ಲರಿಗೂ ಅದೇ ಇಷ್ಟ. ಪಾಠ ಮರದ ಹತ್ತಿರವೇ ಮುಗಿದುಬಿಡುತ್ತಿತ್ತು. ಮರ ಇಳಿದ ಮೇಲೆ ಅವನು ಏನು ಹೇಳಿದ ಅನ್ನುವುದನ್ನು ಎಷ್ಟೋ ವರ್ಷ ನಾನೇ ಸರಿಯಾಗಿ ಹೇಳಿಕೊಡಲಿಲ್ಲ. ಆ ದುಃಖ ಈಗಲೂ ಇದೆ. ಅರ್ಧ ಆಸ್ತಿ ಬಡವರಿಗೆ, ಮೋಸ ಮಾಡಿ ತೆಗೆದುಕೊಂಡಿದ್ದರೆ ನಾಲ್ಕರಷ್ಟು ವಾಪಸ್. ನಿಂತುಕೊಂಡು, ಕರ್ತನ ಎದುರಿಗೆ ಹೇಳಿದ.

ಕೃಪೆ ಸಾಕು

ಬ್ರದರ್, ಕರ್ತನಿಗೆ ಸ್ತೋತ್ರ. ಟೀಚರಮ್ಮನ ಮೇಲೆ ಗೌರವ ಇದೆ, ಆದರೆ ನನಗೆ ಇಲ್ಲಿ ಒಂದು ಭಯವಾಗುತ್ತಿದೆ. ಐದನೇ ಪಾಲು, ನಾಲ್ಕರಷ್ಟು ಅಂತ ಲೆಕ್ಕ ಹಾಕುತ್ತಾ ಕೂತರೆ ನಾವು ಮತ್ತೆ ಮೋಶೆಯ ಧರ್ಮಶಾಸ್ತ್ರದ ನೊಗದ ಕೆಳಗೆ ಹೋಗುತ್ತೇವೆ. ಕೊಲೊಸ್ಸೆ 2:14 ಓದಿ. ನಮ್ಮ ವಿರುದ್ಧ ಇದ್ದ ಸಾಲದ ಪತ್ರವನ್ನೇ ಕ್ರಿಸ್ತನು ಶಿಲುಬೆಗೆ ಜಡಿದುಬಿಟ್ಟಿದ್ದಾನೆ. ನೀವು ಮೋಸ ಮಾಡಬೇಕು ಅಂತ ಮಾಡಿದ್ದಲ್ಲ, ಗೊತ್ತಿಲ್ಲದೆ ಆದದ್ದು. ಅರಿಕೆ ಮಾಡಿದ್ದೀರಿ, ಕರ್ತನು ಕ್ಷಮಿಸಿದ್ದಾನೆ. ಆಮೇಲೂ ಭಾರ ಹೊತ್ತುಕೊಂಡಿದ್ದರೆ ಅದು ನಿಮ್ಮ ಮೇಲೆ ದೋಷ ಹೊರಿಸುವ ಸೈತಾನನ ಕೆಲಸ.

ಕೊಡಬೇಡಿ ಅಂತ ನಾನು ಹೇಳುತ್ತಿಲ್ಲ. ಕೊಟ್ಟರೆ ಮಾತ್ರ ಕ್ಷಮೆ ಅಂತ ಆಗಬಾರದು, ಅಷ್ಟೇ.

ಸಂಡೇ ಸ್ಕೂಲ್ ಟೀಚರ್ (ಧಾರವಾಡ)

ಕೃಪೆ ಸಾಕು ಅವರೇ, ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಕೊಟ್ಟು ಕ್ಷಮೆ ಕೊಂಡುಕೊಳ್ಳಲು ಆಗುವುದಿಲ್ಲ. ಅದು ನಾನೂ ಒಪ್ಪುವ ಮಾತು.

ಆದರೆ ಲೂಕ 19ರಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದನ್ನು ನೋಡಿ. ಯೇಸು ಮರದ ಕೆಳಗೆ ನಿಂತು "ಇವತ್ತು ನಿನ್ನ ಮನೆಯಲ್ಲಿ ಇಳಿದುಕೊಳ್ಳಬೇಕು" ಅಂದಾಗ ಜಕ್ಕಾಯ ಇನ್ನೂ ಒಂದು ಕಾಸೂ ಕೊಟ್ಟಿರಲಿಲ್ಲ. ಕೊಡುತ್ತೇನೆ ಅಂತ ಹೇಳಿಯೂ ಇರಲಿಲ್ಲ. ಕೃಪೆ ಮೊದಲು ಮನೆಗೆ ಬಂತು. ಯೇಸು ಮನೆಗೆ ಬಂದ ಮೇಲೆ ಅವನಿಗೆ ಆ ದುಡ್ಡು ಮನೆಯಲ್ಲಿ ಇಟ್ಟುಕೊಳ್ಳಲು ಆಗಲಿಲ್ಲ. ಶಾಸ್ತ್ರದ ಪ್ರಕಾರ ತಾನಾಗಿ ಒಪ್ಪಿಕೊಂಡವನಿಗೆ ಐದನೇ ಒಂದು ಪಾಲು ಸೇರಿಸಿದರೆ ಸಾಕಿತ್ತು. ನಾಲ್ಕರಷ್ಟು ಅನ್ನುವುದು ಕುರಿ ಕದ್ದು ಕೊಂದವನಿಗೋ ಮಾರಿದವನಿಗೋ ಹಾಕುವ ದಂಡ, ವಿಮೋಚನಕಾಂಡ 22ರಲ್ಲಿದೆ. ಅವನು ತನಗೆ ತಾನೇ ಕಳ್ಳನ ದಂಡ ಹಾಕಿಕೊಂಡ. ನೊಗ ಹೊತ್ತವನು ಹೀಗೆ ಮಾಡುತ್ತಾನಾ? ಬಿಡುಗಡೆ ಆದವನು ಮಾಡುತ್ತಾನೆ.

ಶಿಲುಬೆಗೆ ಜಡಿದದ್ದು ದೇವರಿಗೆ ನಾವು ಕೊಡಬೇಕಾಗಿದ್ದ ಸಾಲದ ಪತ್ರ. ಬೀಡಿ ಕಟ್ಟುವ ಅಕ್ಕನ ಲೆಕ್ಕವನ್ನು ಅದರ ಜೊತೆ ಸೇರಿಸಿ ಜಡಿಯಲು ನಮಗೆ ಹಕ್ಕಿಲ್ಲ. ಅದು ಅವಳ ದುಡ್ಡು.

ಬಜ್ಪೆ ಬಾಯಿ

ಯೇಸುವಿಗೆ ಸ್ತುತಿ. ನಾನು ಕಥೊಲಿಕಳು, ಕೊಂಕಣಿಯವಳು. ನಮ್ಮಲ್ಲಿ ಪಾಪನಿವೇದನೆಗೆ ಹೋದರೆ ಈ ಪ್ರಶ್ನೆ ಗುರುಗಳೇ ಕೇಳುತ್ತಾರೆ. ಕದ್ದೆ ಅಂತ ಹೇಳಿದರೆ "ವಾಪಸ್ ಕೊಟ್ಟೆಯಾ?" ಅನ್ನುತ್ತಾರೆ. 1992ರ ಕಥೊಲಿಕ ಧರ್ಮೋಪದೇಶದ 1459ನೇ ಕಲಮಿನಲ್ಲಿ ಇದು ಸ್ಪಷ್ಟವಾಗಿ ಇದೆ. ಪಾಪವಿಮೋಚನೆಯಿಂದ ಪಾಪ ಹೋಗುತ್ತದೆ, ಆದರೆ ಪಾಪದಿಂದ ಆದ ನಷ್ಟ ತಾನಾಗಿ ಸರಿಹೋಗುವುದಿಲ್ಲ. ಕದ್ದದ್ದನ್ನು ಕೊಡಬೇಕು, ಸುಳ್ಳು ಹೇಳಿ ಒಬ್ಬರ ಹೆಸರು ಕೆಡಿಸಿದ್ದರೆ ಆ ಹೆಸರನ್ನೂ ಸರಿಮಾಡಬೇಕು.

ಅದೇ ಪುಸ್ತಕದ 2409ರಲ್ಲಿ ಕದಿಯಬಾರದು ಅನ್ನುವ ಆಜ್ಞೆಯ ಕೆಳಗೆ ಏನೇನು ತಪ್ಪು ಅಂತ ಒಂದು ಪಟ್ಟಿ ಇದೆ. ಸಾಲ ಪಡೆದ ವಸ್ತು ವಾಪಸ್ ಕೊಡದೆ ಇಟ್ಟುಕೊಳ್ಳುವುದು, ಸಿಕ್ಕಿದ ವಸ್ತು ಇಟ್ಟುಕೊಳ್ಳುವುದು, ವ್ಯಾಪಾರದಲ್ಲಿ ಮೋಸ, ನ್ಯಾಯವಲ್ಲದ ಕೂಲಿ, ಸುಳ್ಳು ಬಿಲ್ಲು, ಕೆಲಸ ಸರಿಯಾಗಿ ಮಾಡದೆ ಇರುವುದು. ನಮ್ಮ ಮನೆಯ ಶೋಕೇಸಿನಲ್ಲಿ ಪಕ್ಕದ ಮನೆಯವರ ಒಂದು ದೊಡ್ಡ ಪಾತ್ರೆ ಇತ್ತು. ಮಗಳ ಮದುವೆಗೆ ಮೊದಲಿನ ರೋಸ್ ಶಾಸ್ತ್ರಕ್ಕೆ ತಂದದ್ದು, ಎಂಟು ವರ್ಷವಾಗಿತ್ತು. ಆ ಪಟ್ಟಿ ಓದಿದ ದಿನ ತೊಳೆದು ಕೊಟ್ಟು ಬಂದೆ. ಅವರಿಗೆ ನೆನಪೇ ಇರಲಿಲ್ಲ. ನನಗೆ ಇತ್ತು, ಪ್ರತಿ ಸಲ ಧೂಳು ಒರೆಸುವಾಗ.

ನಿಮ್ಮ ತಮ್ಮ ಹೇಳಿದ ಮಾತಿಗೆ ಬರುತ್ತೇನೆ. ಅಪ್ಪನ ಹೆಸರು ಹಾಳಾಗುವುದಿಲ್ಲ ಅಣ್ಣ. ಅಪ್ಪ ಡೈರಿಯಲ್ಲಿ "ಪೂರಾ ಬಂತು" ಅಂತ ಬರೆದಿಟ್ಟಿದ್ದಾರೆ. ಅವರು ಪ್ರಾಮಾಣಿಕರು ಅನ್ನುವುದಕ್ಕೆ ಅದಕ್ಕಿಂತ ಸಾಕ್ಷಿ ಬೇಕಾ? ಆ ಡೈರಿಯನ್ನು ಜೊತೆಗೆ ತೆಗೆದುಕೊಂಡು ಹೋಗಿ.

ಪಿಜಿ ಹುಡುಗಿ (ಬೆಂಗಳೂರು)

ಓದುತ್ತಾ ಓದುತ್ತಾ ಕೈ ತಣ್ಣಗಾಯಿತು. "ಸುಳ್ಳು ಬಿಲ್ಲು" ಅಂದಿರಲ್ಲ ಬಾಯಿ, ಅದಕ್ಕೆ.

ನಮ್ಮ ಆಫೀಸಿನಲ್ಲಿ ರಾತ್ರಿ ಲೇಟಾದರೆ ಕ್ಯಾಬ್ ದುಡ್ಡು ಕೊಡುತ್ತಾರೆ. ಎಲ್ಲರೂ ಬಸ್ಸಲ್ಲಿ ಹೋಗಿ ಆಟೋ ಅಂತ ಬರೆಯುತ್ತಾರೆ. ನಾನೂ ಬರೆದಿದ್ದೇನೆ, ಸುಮಾರು ಹತ್ತು ಹನ್ನೆರಡು ಸಲ. ಆ ದುಡ್ಡಲ್ಲಿ ಅಮ್ಮನಿಗೆ ಸೀರೆ ತೆಗೆದುಕೊಂಡೆ. ಅಮ್ಮ ಅದನ್ನೇ ಉಟ್ಟು ಕ್ರಿಸ್ಮಸ್ ಆರಾಧನೆಗೆ ಬಂದಿದ್ದರು. ಈಗ ನಾನು ಯಾರಿಗೆ ಕೊಡಲಿ? ಕಂಪನಿಗೆ ಮುಖ ಇಲ್ಲ. ಮ್ಯಾನೇಜರ್‌ಗೆ ಹೇಳಿದರೆ ಕೆಲಸ ಹೋಗಬಹುದು. ಆ ದುಡ್ಡಿಲ್ಲದೆ ಕಂಪನಿ ಮುಳುಗುವುದಿಲ್ಲ ಅಂತ ಒಂದು ಮನಸ್ಸು ಹೇಳುತ್ತೆ. ಅದು ತಪ್ಪು ಅಂತಾನೂ ಗೊತ್ತು.

ಬಜ್ಪೆ ಬಾಯಿ

ಮಗಾ, ಮೊದಲು ಅಳಬೇಡ. ಬರೆದೆಯಲ್ಲ, ಅರ್ಧ ದಾರಿ ಬಂದೆ.

ನನಗೆ ತಿಳಿದದ್ದು ಹೇಳುತ್ತೇನೆ. ಇವತ್ತಿನಿಂದ ನಿಲ್ಲಿಸು. ಅದು ಎಲ್ಲಕ್ಕಿಂತ ಮೊದಲು. ಎಫೆಸ 4:28ರಲ್ಲಿ ಪೌಲ ಹೇಳುವುದೂ ಅದನ್ನೇ. ಕಳವು ಮಾಡುತ್ತಿದ್ದವನು ಇನ್ನು ಮಾಡದೆ ಇರಲಿ, ಕೈಯಾರೆ ದುಡಿಯಲಿ, ಇಲ್ಲದವರಿಗೆ ಕೊಡುವಷ್ಟು ದುಡಿಯಲಿ. ಆಮೇಲೆ ತೆಗೆದುಕೊಂಡಷ್ಟು ಎಷ್ಟು ಅಂತ ಒಂದು ಚೀಟಿಯಲ್ಲಿ ಬರೆ. ಮುಂದೆ ನಿನಗೆ ನಿಜವಾಗಿ ಬರಬೇಕಾದ ಕ್ಯಾಬ್ ದುಡ್ಡು ಬರುತ್ತದಲ್ಲ, ಆ ಲೆಕ್ಕ ತೀರುವ ತನಕ ಅದನ್ನು ಕೇಳಬೇಡ. ದುಡ್ಡು ಕಂಪನಿಯಲ್ಲೇ ಉಳಿಯುತ್ತದೆ. ಮ್ಯಾನೇಜರ್ ಎದುರು ನಿಲ್ಲುವ ಧೈರ್ಯ ಬಂದರೆ ಇನ್ನೂ ಒಳ್ಳೆಯದು, ಆದರೆ ಒಂದು ಸಲ ಗುರುಗಳ ಹತ್ತಿರವೋ ನಿಮ್ಮ ಸಭಾಪಾಲಕರ ಹತ್ತಿರವೋ ಮಾತಾಡಿ ಹೋಗು. ಅಮ್ಮನ ಸೀರೆ ವಿಷಯ ಅಮ್ಮನಿಗೆ ಹೇಳಬೇಡ. ಪಾಪ, ಅವರು ಸಂತೋಷವಾಗಿ ಉಡಲಿ.

ಕೃಪೆ ಸಾಕು

ಸಿಸ್ಟರ್, ಬಾಯಿ ಹೇಳಿದ್ದು ಸರಿ. ನಾನು ಪ್ರಾರ್ಥನೆ ಮಾಡುತ್ತೇನೆ. ಟೀಚರ್ ಬರೆದ ಜಕ್ಕಾಯನ ವಿಷಯ ನಿನ್ನೆಯಿಂದ ತಲೆಯಲ್ಲಿ ಓಡುತ್ತಿದೆ. ಯೇಸು ಮನೆಗೆ ಬಂದ ಮೇಲೆ ದುಡ್ಡು ಇಟ್ಟುಕೊಳ್ಳಲು ಆಗಲಿಲ್ಲ ಅನ್ನುವ ಮಾತು. ನಾನು ಕೃಪೆ ಕೃಪೆ ಅಂತ ಬಹಳ ಸಲ ಸಾರಿದ್ದೇನೆ, ಕೃಪೆ ಮನೆಗೆ ಬಂದರೆ ಮನೆಯಲ್ಲಿ ಏನೇನು ಕದಲುತ್ತದೆ ಅಂತ ಹೇಳಿದ್ದು ಕಡಿಮೆ. ನೆನಪಿಸಿದ್ದಕ್ಕೆ ವಂದನೆ.

ತೋಟದ ರೈಟರ್ (ಮೂಡಿಗೆರೆ ಕಡೆ)

ನಾನು ಹೆಚ್ಚು ಬರೆಯುವವನಲ್ಲ. ಆದರೆ "ನ್ಯಾಯವಲ್ಲದ ಕೂಲಿ" ಅನ್ನುವ ಮಾತು ಬಂತಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಕಾಫಿ ತೋಟದಲ್ಲಿ ರೈಟರ್ ಆಗಿ ಹದಿನೆಂಟು ವರ್ಷ. ಚೆಕ್‌ರೋಲ್ ಬರೆಯುವುದು ನನ್ನ ಕೆಲಸ. ಯಾರು ಬಂದರು, ಯಾರು ಬರಲಿಲ್ಲ, ಯಾರಿಗೆ ಅರ್ಧ ದಿನ. ನಾನು ಮೊದಲು ಇದ್ದ ತೋಟದಲ್ಲಿ ಹದಿನೈದು ನಿಮಿಷ ತಡವಾದರೆ ಅರ್ಧ ದಿನ ಹಾಕು ಅಂತ ಮೇಲಿನಿಂದ ಮಾತು. ಕೆಲಸ ಮಾತ್ರ ಸಂಜೆವರೆಗೂ ಮಾಡಿಸುತ್ತಿದ್ದರು. ಹಣ್ಣು ಕುಯ್ಯುವ ಕಾಲದಲ್ಲಿ ಒಂದು ದಿನ ಒಬ್ಬಳು ಬಾಣಂತಿ ಮಗುವಿಗೆ ಹಾಲು ಕುಡಿಸಿ ಬರುವಷ್ಟರಲ್ಲಿ ಹೊತ್ತಾಯಿತು. ನಾನು ಅರ್ಧ ಅಂತ ಬರೆದೆ. ಶನಿವಾರ ಬಟವಾಡೆಯಲ್ಲಿ ಅವಳು ದುಡ್ಡು ಎಣಿಸಿದಳು, ಇನ್ನೊಂದು ಸಲ ಎಣಿಸಿದಳು, ಸೆರಗಿಗೆ ಕಟ್ಟಿಕೊಂಡು ಹೋದಳು. ಜಗಳ ಮಾಡಿದ್ದರೆ ನನಗೆ ಮರೆತುಹೋಗುತ್ತಿತ್ತೋ ಏನೋ.

ಮಾರನೇ ದಿನ ಭಾನುವಾರ ಚರ್ಚಿನಲ್ಲಿ ನಾನೇ ಬೈಬಲ್ ವಾಚನ ಓದಬೇಕಿತ್ತು. ಯಾಕೋಬ 5:4 ಬಂತು. ಹೊಲ ಕೊಯ್ದವರಿಗೆ ಕೊಡದೆ ಹಿಡಿದ ಕೂಲಿ ಕೂಗಿಕೊಳ್ಳುತ್ತದೆ, ಆ ಕೂಗು ಸೇನಾಧೀಶ್ವರನ ಕಿವಿಗೆ ಬಿದ್ದಿದೆ. ಗಂಟಲು ಕಟ್ಟಿತು, ಉಳಿದದ್ದು ಹೇಗೆ ಓದಿದೆನೋ ಗೊತ್ತಿಲ್ಲ. ಆ ವಾರವೇ ಅವಳ ಅರ್ಧ ದಿನದ ಕೂಲಿ ನನ್ನ ಸಂಬಳದಿಂದ ಕೊಟ್ಟೆ. ಒಂದು ವರ್ಷದ ಮೇಲೆ ಆ ತೋಟ ಬಿಟ್ಟೆ. ಆದರೆ ಅದಕ್ಕೂ ಮೊದಲು ಎಷ್ಟು ಜನರಿಗೆ ಅರ್ಧ ಹಾಕಿದ್ದೆನೋ! ಅವರಲ್ಲಿ ಎಷ್ಟೋ ಜನ ಬೇರೆ ರಾಜ್ಯದಿಂದ ಬಂದವರು, ಎಲ್ಲಿದ್ದಾರೋ ತಿಳಿಯದು. ಅವರನ್ನು ಹುಡುಕಲು ನನಗೆ ದಾರಿ ಇಲ್ಲ. ಈಗಿನ ತೋಟಕ್ಕೆ ಬರುವ ಅಂಥವರ ಮಕ್ಕಳಿಗೆ ಶಾಲೆಯ ಪುಸ್ತಕ, ಚೀಲ ತೆಗೆದುಕೊಡುತ್ತೇನೆ. ಸಾಲ ತೀರಿತು ಅಂತ ಅಲ್ಲ.

ಅಂಗಡಿಯ ಅಣ್ಣನಿಗೆ ಹೇಳುವುದು ಇಷ್ಟೇ. ನಿಮಗೆ ಹೆಸರು ಗೊತ್ತು, ಮನೆ ಗೊತ್ತು. ನನಗಿಲ್ಲದ ಭಾಗ್ಯ ಅದು. ಬೇಗ ಹೋಗಿ.

ಮರಳುಗಾಡಿನ ಡ್ರೈವರ್

ನಾನು ದುಬೈಯಲ್ಲಿ ಟ್ರಕ್ ಓಡಿಸುತ್ತೇನೆ. ಮೂಲ ಶಿವಮೊಗ್ಗ ಕಡೆ. ನನ್ನ ಪ್ರಶ್ನೆ ಇದರ ಉಲ್ಟಾ. ಕೊಡಬೇಕಾದವರು ಕೊಡದೆ ಇದ್ದರೆ?

ಅಕ್ಕನ ಗಂಡನಿಗೆ ಆರು ವರ್ಷದ ಹಿಂದೆ ಎರಡು ಲಕ್ಷ ಕೊಟ್ಟೆ. ಮನೆ ಕಟ್ಟಲು. ಮನೆ ಆಯಿತು, ಗೃಹಪ್ರತಿಷ್ಠೆಗೆ ಕೇಕ್ ಕತ್ತರಿಸಿದರು, ಫೋಟೋ ಬಂತು. ದುಡ್ಡಿನ ಮಾತಿಲ್ಲ. ರಜೆಗೆ ಹೋದಾಗ ಭಾವ ಚರ್ಚಿನಲ್ಲಿ ಮುಂದಿನ ಸಾಲಿನಲ್ಲಿ ನಿಂತು ಹಾಡುತ್ತಾರೆ. ಎಪ್ಪತ್ತೇಳು ಸಲ ಕ್ಷಮಿಸು ಅಂತ ಪ್ರಸಂಗ ಬಂದರೆ ನನಗೆ ಎದ್ದು ಹೊರಗೆ ಹೋಗೋಣ ಅನ್ನಿಸುತ್ತದೆ. ಕರ್ತನ ಪ್ರಾರ್ಥನೆಯಲ್ಲಿ "ಕ್ಷಮಿಸಿದಂತೆ" ಅನ್ನುವ ಸಾಲು ಬಂದಾಗ ಬಾಯಿ ಮುಚ್ಚಿ ನಿಲ್ಲುತ್ತೇನೆ. ಸುಳ್ಳು ಹೇಳಬಾರದಲ್ಲ.

ಸಂಡೇ ಸ್ಕೂಲ್ ಟೀಚರ್ (ಧಾರವಾಡ)

ಅಪ್ಪಾ, ಸುಳ್ಳು ಹೇಳಬಾರದು ಅಂತ ಬಾಯಿ ಮುಚ್ಚಿ ನಿಂತೆಯಲ್ಲ, ದೇವರು ಅದನ್ನೂ ಕೇಳುತ್ತಾನೆ ಅಂತ ನಂಬುತ್ತೇನೆ.

ಮತ್ತಾಯ 18ರ ಕಥೆಯನ್ನು ನಾವು ಹಗುರವಾಗಿ ಹೇಳಿಬಿಡುತ್ತೇವೆ. ಸೇವಕನಿಗೆ ಅವನ ಜೊತೆಯವನು ಕೊಡಬೇಕಾಗಿದ್ದದ್ದು ನೂರು ದಿನಾರಿ. ಒಂದು ದಿನಾರಿ ಅಂದರೆ ಒಂದು ದಿನದ ಕೂಲಿ. ಅಂದರೆ ಮೂರು ತಿಂಗಳಿಗಿಂತ ಜಾಸ್ತಿ ದುಡಿಮೆ. ಅದು ಚಿಲ್ಲರೆ ಅಲ್ಲ. ನಿನ್ನ ಎರಡು ಲಕ್ಷವೂ ಚಿಲ್ಲರೆ ಅಲ್ಲ, ಆ ಬಿಸಿಲಲ್ಲಿ ನೀನು ಎಷ್ಟು ದಿನ ಸ್ಟಿಯರಿಂಗ್ ಹಿಡಿದು ದುಡಿದದ್ದು. ಯೇಸು ಆ ನಷ್ಟವನ್ನು ಸಣ್ಣದು ಅನ್ನಲಿಲ್ಲ. ಅರಸ ಅದೇ ಸೇವಕನಿಗೆ ಮನ್ನಾ ಮಾಡಿದ ಹತ್ತು ಸಾವಿರ ತಲಾಂತಿನ ದೊಡ್ಡ ಸಾಲದ ಪಕ್ಕದಲ್ಲಿ ಇಟ್ಟು ನೋಡು ಅಂದ, ಅಷ್ಟೇ.

ಕ್ಷಮಿಸುವುದು ಅಂದರೆ ಕೇಳಬಾರದು ಅಂತ ಅಲ್ಲ. ಅದೇ ಅಧ್ಯಾಯದ 15ನೇ ವಚನ: ನಿನ್ನ ಸಹೋದರ ತಪ್ಪು ಮಾಡಿದರೆ ನೀನೇ ಹೋಗಿ, ಇಬ್ಬರೇ ಇರುವಾಗ ಹೇಳು. ಭಾವನ ಹತ್ತಿರ ಒಂದು ಸಲವಾದರೂ ನೇರವಾಗಿ ಕೇಳಿದ್ದೀಯಾ? ಫೋಟೋ ನೋಡಿ ಒಳಗೇ ಕುದ್ದದ್ದು ಬಿಟ್ಟರೆ?

ಮರಳುಗಾಡಿನ ಡ್ರೈವರ್

ಇಲ್ಲ ಟೀಚರ್. ಕೇಳಿಲ್ಲ. ಅಕ್ಕನಿಗೆ ಬೇಜಾರಾಗುತ್ತದೆ ಅಂತ. ಈ ಸಲ ಕೇಳುತ್ತೇನೆ.

ಬೀಡಿ ಅಮ್ಮನ ಮಗ

ನಾನು ಕ್ರೈಸ್ತನಲ್ಲ. ಸ್ನೇಹಿತನೊಬ್ಬ ಇದನ್ನು ಓದು ಅಂತ ಕಳಿಸಿದ. ಒಂದು ಮಾತು ಹೇಳಬಹುದಾ?

ನಮ್ಮಮ್ಮ ಬೀಡಿ ಕಟ್ಟಿ ನನ್ನನ್ನು ಓದಿಸಿದವರು. ಸಾವಿರ ಬೀಡಿಗೆ ಇಷ್ಟು ಅಂತ ಮಜೂರಿ. ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ಸುರುಳಿ ಸುತ್ತಿ, ತುದಿ ಮಡಚಿ, ನೂಲು ಕಟ್ಟಬೇಕು. ಒಂದೊಂದಕ್ಕೂ ಇಷ್ಟು ಕೆಲಸ. ಸಾವಿರ ಆಗಬೇಕಾದರೆ ಬೆಳಗ್ಗೆ ಕೂತವರು ರಾತ್ರಿ ಏಳುತ್ತಾರೆ. ಬೀಡಿ ಕಂಪನಿಯ ಬ್ರಾಂಚಿಗೆ ಕೊಂಡುಹೋದರೆ ಅದರಲ್ಲಿ ಒಂದಷ್ಟು ಸರಿ ಇಲ್ಲ ಅಂತ ತೆಗೆದು ಬಿಸಾಡುತ್ತಾರೆ. ಎಲೆ ಕಮ್ಮಿ ಬಂದರೆ ಕೈಯಿಂದ ದುಡ್ಡು ಹಾಕಿ ತರಬೇಕು. ಅಣ್ಣ, ನೀವು ತೆಗೆದುಕೊಂಡ 3,840 ಎಷ್ಟು ಬೀಡಿ ಅಂತ ಅಕ್ಕನಿಗೆ ಕೂತಲ್ಲೇ ಗೊತ್ತಿರುತ್ತದೆ.

ಹೋಗುವಾಗ ಮೂರು ವಿಷಯ ನೆನಪಿಡಿ. ಬಿಸ್ಕಿಟು, ಹಣ್ಣು ತೆಗೆದುಕೊಂಡು ಹೋಗಬೇಡಿ. ಹಣ್ಣು ಕೊಟ್ಟರೆ ಅದು ನಿಮ್ಮ ಉಪಕಾರ ಆಗಿಬಿಡುತ್ತದೆ, ಅವರು ಕೈಮುಗಿಯಬೇಕಾಗುತ್ತದೆ. ಮಗಳ ಗಂಡನ ಮನೆಯವರೆಲ್ಲ ಇರುವಾಗ ಹೇಳಬೇಡಿ, ಆ ದುಡ್ಡು ಅಕ್ಕನ ಕೈಗೆ ಉಳಿಯದೆ ಹೋಗಬಹುದು. ಮತ್ತೆ "ಸಹಾಯ" ಅನ್ನುವ ಮಾತು ಬಾಯಿಗೆ ತರಬೇಡಿ. "ಇದು ನಿಮ್ಮದು, ನನ್ನ ತಪ್ಪಿನಿಂದ ನನ್ನ ಹತ್ತಿರ ಇತ್ತು" ಅನ್ನಿ. ನಮ್ಮಮ್ಮನಿಗೆ ಯಾರಾದರೂ ಒಂದು ಸಲ ಹಾಗೆ ಹೇಳಿದ್ದರೆ ನಾನು ಅವರ ಕಾಲಿಗೆ ಬೀಳುತ್ತಿದ್ದೆ. ಹೇಳಿದವರು ಯಾರೂ ಇಲ್ಲ.

ಪಿಜಿ ಹುಡುಗಿ (ಬೆಂಗಳೂರು)

ಮೇಲಿನ ಅಣ್ಣ ಬರೆದದ್ದನ್ನು ಮೂರು ಸಲ ಓದಿದೆ. ಥ್ಯಾಂಕ್ಸ್ ಅಣ್ಣ. ನಾನೂ ಚೀಟಿ ಬರೆದೆ. 2,350 ಆಯಿತು.

ಸಂಡೇ ಸ್ಕೂಲ್ ಟೀಚರ್ (ಧಾರವಾಡ)

ಬೀಡಿ ಅಮ್ಮನ ಮಗನೇ, ನಾವು ಇಷ್ಟು ಜನ ವಚನ ಹುಡುಕಿದೆವು. ಎದುರು ಕೂತವರ ಕೈ ಹೇಗಿರುತ್ತದೆ ಅಂತ ನೀನು ತೋರಿಸಿದೆ. ನಿನ್ನ ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಪ್ಪ.

ಕೊಡುವವನ ಬಲಗೈ ಮಾಡುವುದು ಎಡಗೈಗೆ ತಿಳಿಯದೆ ಇರಲಿ ಅಂತ ಯೇಸು ಹೇಳಿದ್ದು ದಾನಕ್ಕೆ. ಇದು ದಾನವೇ ಅಲ್ಲ. ಜ್ಞಾನೋಕ್ತಿ 3:27, 28 ಇದಕ್ಕೆ ಸರಿ ಹೊಂದುತ್ತದೆ. ಕೊಡಬೇಕಾದವರಿಗೆ ಕೊಡದೆ ಹಿಡಿಯಬೇಡ, ಕೈಯಲ್ಲಿ ಇರುವಾಗ ನಾಳೆ ಬಾ ಅನ್ನಬೇಡ. ತಮ್ಮಾ, ನೀನು ಬರೆದು ಒಂಬತ್ತು ದಿನವಾಯಿತು.

ಉದ್ರಿ ಪುಸ್ತಕ (ಉಡುಪಿ ಕಡೆ)

ತಡವಾದದ್ದಕ್ಕೆ ಕ್ಷಮಿಸಿ. ನೀವು ಬರೆದದ್ದೆಲ್ಲ ಓದುತ್ತಿದ್ದೆ. ಉತ್ತರ ಬರೆಯುವ ಬದಲು ಹೋಗಿಯೇ ಬರೆಯೋಣ ಅಂತ ಇದ್ದೆ. ನಿನ್ನೆ ಹೋಗಿ ಬಂದೆ.

ಬೆಳಗ್ಗೆ ಅಂಗಡಿ ಹೆಂಡತಿಗೆ ಬಿಟ್ಟು ಬೈಕಿನಲ್ಲಿ ಹೊರಟೆ. ಉದ್ರಿ ಪುಸ್ತಕ, ಅಪ್ಪನ ಡೈರಿ ಎರಡೂ ಚೀಲದಲ್ಲಿ. 4,608 ಎಣಿಸಿ ಕವರಿಗೆ ಹಾಕಿದ್ದೆ. ದಾರಿಯಲ್ಲಿ ಒಂದು ಬೇಕರಿ ಸಿಕ್ಕಿತು, ಬೈಕ್ ತಾನಾಗಿ ನಿಧಾನವಾಯಿತು. ಆ ಅಣ್ಣ ಹೇಳಿದ್ದು ನೆನಪಾಗಿ ಮುಂದೆ ಹೋದೆ.

ಅಕ್ಕ ಜಗಲಿಯಲ್ಲಿ ಒಬ್ಬರೇ ಇದ್ದರು. ಮಗಳು ಕೆಲಸಕ್ಕೆ ಹೋಗಿದ್ದಳು. ಮಡಿಲಲ್ಲಿ ಮೊರ, ಪಕ್ಕದಲ್ಲಿ ಒದ್ದೆ ಗೋಣಿಯಲ್ಲಿ ಸುತ್ತಿದ ಎಲೆ. ಕೆಳಗೆ ನೆಲದಲ್ಲಿ ಕೂತೆ. ಅಕ್ಕ ತುಳುವಿನಲ್ಲೇ ಮಾತಾಡಿದ್ದು, ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

ಏನು ಹೇಳಬೇಕು ಅಂತ ದಾರಿಯುದ್ದಕ್ಕೂ ಯೋಚಿಸಿದ್ದೆಲ್ಲ ಮರೆತುಹೋಯಿತು. ಡೈರಿ ತೆಗೆದು ಆ ಪುಟ ಓದಿದೆ. "ಅಪ್ಪ ಇರುವಾಗಲೇ ನೀವು ಪೂರಾ ಕೊಟ್ಟಿದ್ದಿರಿ. ನಾನು ಇನ್ನೊಂದು ಸಲ ತೆಗೆದುಕೊಂಡೆ. ಇದು ನಿಮ್ಮ ದುಡ್ಡು" ಅಂದೆ. ಕವರು ಮುಂದಿಟ್ಟೆ.

ಅಕ್ಕ ಕವರು ಮುಟ್ಟಲಿಲ್ಲ. ಕೈಯಲ್ಲಿದ್ದ ಬೀಡಿಗೆ ನೂಲು ಸುತ್ತಿ ಮುಗಿಸಿ ಮೊರದಲ್ಲಿ ಇಟ್ಟರು. ಆಮೇಲೆ ಹೇಳಿದರು: "ನನಗೆ ಅವತ್ತೇ ಗೊತ್ತಿತ್ತು ಮಗಾ. ನಿನ್ನ ಅಪ್ಪನ ಕೈಗೆ ಕೊಟ್ಟದ್ದು ನಾನೇ ಅಲ್ಲವಾ? ಆದರೆ ನೀನು ಪುಸ್ತಕದಲ್ಲಿ ಉಂಟು ಅಂದೆ. ಪುಸ್ತಕದಲ್ಲಿ ಇದ್ದದ್ದಕ್ಕೆ ನಾನು ಏನು ಹೇಳುವುದು?"

ನಾನು ಇದನ್ನು ಎದುರು ನೋಡಿರಲಿಲ್ಲ. ಗೊತ್ತಿಲ್ಲದೆ ಎರಡು ಸಲ ಕಟ್ಟಿದರು ಅಂತ ಇಷ್ಟು ದಿನ ತಿಳಿದಿದ್ದೆ. ಗೊತ್ತಿದ್ದೇ ಕಟ್ಟಿದ್ದಾರೆ. ಅವತ್ತು ನನ್ನ ಮುಖ ನೋಡಿದ್ದು ಅದಕ್ಕೇ. ನಾನು ಒಂದು ಮಾತು ಕೇಳಬಹುದಿತ್ತು, "ನಿಮಗೆ ಏನು ನೆನಪು ಉಂಟು ಅಕ್ಕ?" ಅಂತ. ಕೇಳಲೇ ಇಲ್ಲ. ನನಗೆ ಪುಸ್ತಕ ಸಾಕಿತ್ತು. ಕೃಪೆ ಸಾಕು ಬ್ರದರ್, ಗೊತ್ತಿಲ್ಲದೆ ಆದದ್ದು ಅಂತ ನೀವು ನನ್ನ ಪರವಾಗಿ ಬರೆದಿದ್ದಿರಿ. ಲೆಕ್ಕ ಗೊತ್ತಿರಲಿಲ್ಲ, ಅದು ಹೌದು. ಆದರೆ ಅವರ ಮಾತಿಗೆ ಬೆಲೆ ಕೊಡದೆ ಇದ್ದದ್ದು ಗೊತ್ತಿದ್ದೇ. ನಿನ್ನೆ ಆ ಜಗಲಿಯಲ್ಲಿ ನಾನು ಕ್ಷಮೆ ಕೇಳಿದ್ದು ಅದಕ್ಕೆ. ಕಣ್ಣಲ್ಲಿ ನೀರು ಬಂತು.

ಅಕ್ಕ "ಆಯಿತು" ಅನ್ನಲಿಲ್ಲ, "ಇಲ್ಲ" ಅಂತಲೂ ಅನ್ನಲಿಲ್ಲ. ಕವರು ತೆಗೆದು ಎಣಿಸಿದರು. "ಇದು ಜಾಸ್ತಿ ಉಂಟು" ಅಂದರು. 768 ಯಾಕೆ ಅಂತ ಹೇಳಿದೆ, ನಮ್ಮ ಗ್ರಂಥದಲ್ಲಿ ಹಾಗೆ ಬರೆದಿದೆ ಅಂತ. ಸ್ವಲ್ಪ ಹೊತ್ತು ಯೋಚನೆ ಮಾಡಿ ಅದನ್ನೂ ಇಟ್ಟುಕೊಂಡರು. ಉದ್ರಿ ಪುಸ್ತಕ ಬಿಚ್ಚಿ ಅವರ ಪುಟ ತೋರಿಸು ಅಂದರು. ತೋರಿಸಿದೆ. "ಓದು" ಅಂದರು. ಮೊದಲಿನಿಂದ ಕೊನೆತನಕ ಓದಿಸಿದರು. ಅಕ್ಕಿ, ತೆಂಗಿನೆಣ್ಣೆ, ಬೆಲ್ಲ, ಸೀಮೆಎಣ್ಣೆ, ಮಗಳ ಮದುವೆ ವರ್ಷದ ಸಕ್ಕರೆ. ಒಂದೊಂದಕ್ಕೂ ತಲೆ ಆಡಿಸುತ್ತಿದ್ದರು. ಬಲಗಡೆ ನಾನು ಪೆನ್ನಿನಲ್ಲಿ ಅಪ್ಪನ ತಾರೀಖು ಹಾಕಿ "ಪೂರಾ ಬಂತು" ಅಂತ ಬರೆದೆ. ಕೆಳಗೆ "ಎರಡನೇ ಸಲ ತೆಗೆದುಕೊಂಡದ್ದು ವಾಪಸ್" ಅಂತ ಬರೆದು ಸಹಿ ಹಾಕಿದೆ. ಫಿಲೆಮೋನನಿಗೆ ಬರೆದ ಪತ್ರದಲ್ಲಿ ಪೌಲ ದಾಸ ಒನೇಸಿಮನ ಸಾಲವನ್ನು ನನ್ನ ಲೆಕ್ಕಕ್ಕೆ ಹಾಕು, ನನ್ನ ಕೈಯಿಂದಲೇ ಬರೆದಿದ್ದೇನೆ ಅನ್ನುತ್ತಾನಲ್ಲ, ಬರೆಯುವಾಗ ಅದು ನೆನಪಾಯಿತು.

ಹೊರಡುವಾಗ ಅಕ್ಕ ಕೇಳಿದರು: "ನಿನ್ನ ಅಪ್ಪನ ಡೈರಿಯಲ್ಲಿ ನನ್ನ ಹೆಸರು ಒಂದೇ ಉಂಟಾ?"

ನಾನು ನೋಡಿರಲಿಲ್ಲ. ಆ ಪುಟದ ಹೆಸರು ಕಂಡ ಗಾಬರಿಯಲ್ಲಿ ಮುಂದಿನ ಪುಟ ತಿರುಗಿಸಿಯೇ ಇರಲಿಲ್ಲ.

ನಿನ್ನೆ ರಾತ್ರಿ ಅಂಗಡಿ ಮುಚ್ಚಿದ ಮೇಲೆ ತಮ್ಮನನ್ನೂ ಕೂರಿಸಿಕೊಂಡೆ. ಅವನು ಡೈರಿ ಓದುತ್ತಾನೆ, ನಾನು ಪುಸ್ತಕದಲ್ಲಿ ಹುಡುಕುತ್ತೇನೆ. ಇನ್ನೂ ಇಬ್ಬರು ಸಿಕ್ಕಿದ್ದಾರೆ. ಒಬ್ಬರದ್ದು 610, ಒಬ್ಬರದ್ದು 1,275. ಎರಡನೆಯವರು ತೀರಿಹೋಗಿದ್ದಾರೆ, ಮಗ ಮುಂಬೈಯ ಹೋಟೆಲಿನಲ್ಲಿದ್ದಾನಂತೆ. ತಮ್ಮ ಅವನ ನಂಬರು ಕೇಳಲು ಬೆಳಗ್ಗೆ ಅವರ ಚಿಕ್ಕಪ್ಪನ ಮನೆಗೆ ಹೋಗಿದ್ದಾನೆ. ಪುಸ್ತಕದಲ್ಲಿ ಇನ್ನೂ ನಲವತ್ತು ಪುಟ ಬಾಕಿ ಇದೆ. ಇವತ್ತು ರಾತ್ರಿ ಮತ್ತೆ ಕೂರುತ್ತೇವೆ.